ಹೊರಕ್ಕೆ ತೆರೆಯುವ ಬಾಗಿಲು

ನನ್ನ ಗಂಡನಿಗೆ ಐವತ್ತು ದಾಟಿದೆ. ತಲೆಯ ಮೇಲೆ ಕೂದಲಿಗಿಂತ ಹೊಳಪೇ ಹೆಚ್ಚು. ಪುರಸಭೆಯ ಲೈಸೆನ್ಸ್ ವಿಭಾಗದಲ್ಲಿ ಇನ್‌ಸ್ಪೆಕ್ಟರು. ಅವರು ಬೀದಿಗೆ ಬಂದರೆಂದರೆ ಹೋಟೆಲಿನವರು ಗಡಿಬಿಡಿಯಲ್ಲಿ ಒಲೆ ಒರೆಸಲು ಶುರುಮಾಡುತ್ತಾರೆ. ಇಂಥ ಮನುಷ್ಯನನ್ನು ಅವರ ಅಕ್ಕ ಇಂದಿಗೂ ನಡುಬೀದಿಯಲ್ಲಿ ನಿಂತು "ಪುಟ್ಟಾ" ಎಂದು ಕೂಗುತ್ತಾರೆ. ಇವರೂ "ಬಂದೆ ಅಕ್ಕ" ಎಂದು ಓಡುತ್ತಾರೆ. ನಾನು ಕರೆದಾಗ ಮಾತ್ರ ಇವರಿಗೆ ಕಿವಿ ಕೇಳಿಸುವುದಿಲ್ಲ.

ನನ್ನದು ಪುರಸಭೆಯ ಎದುರಿಗೇ ಝೆರಾಕ್ಸ್ ಅಂಗಡಿ. ಲೈಸೆನ್ಸಿಗೆ ಅರ್ಜಿ ಹಾಕುವವರೆಲ್ಲ ಮೊದಲು ನನ್ನ ಮುಂದೆ ಬೆವರು ಒರೆಸಿಕೊಂಡು ಆಮೇಲೆ ರಸ್ತೆ ದಾಟುತ್ತಾರೆ. ವಿಳಾಸದ ದಾಖಲೆ, ಬಾಡಿಗೆ ಕರಾರು, ಕೋಣೆಯ ನಕ್ಷೆ, ನೀರಿನ ಪರೀಕ್ಷೆ, ಆರೋಗ್ಯದ ಸರ್ಟಿಫಿಕೇಟು, ಅಕ್ಕಪಕ್ಕದವರ ಒಪ್ಪಿಗೆ ಎಂದು ಒಂದೊಂದೇ ಹೊರಗೆ ತೆಗೆಯುತ್ತ, ನಿಯಮ ಬರೆದವಳು ನಾನೇ ಎಂಬಂತೆ ನನ್ನನ್ನೇ ಬೈಯುತ್ತಾರೆ. ನಾನೂ ಸುಮ್ಮನೆ ಬೈಸಿಕೊಳ್ಳುವ ಪೈಕಿಯಲ್ಲ. ತಿರುಗಿ ನಾಲ್ಕು ಮಾತು ಅಂದು, ಕಾಗದಗಳನ್ನು ಸರಿಯಾಗಿ ಜೋಡಿಸಿ ಪಿನ್ನು ಹೊಡೆದು ಕಳಿಸುತ್ತೇನೆ.

ಒಂದು ಬೆಳಿಗ್ಗೆ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಕೈಚೀಲ ಹಿಡಿದು ಅಂಗಡಿಗೆ ಬಂದರು. ಬೀದಿಯವರಿಗೆಲ್ಲ ಅವರು ಬ್ರೆಡ್ ಅಕ್ಕ. ಮದುವೆಯಾಗಲಿಲ್ಲ, ಬೇಕರಿಯನ್ನೇ ಕಟ್ಟಿಕೊಂಡಿದ್ದಾರೆ. ಚೀಲದಿಂದ ಅವರು ತೆಗೆದದ್ದು ಕಾಗದವಲ್ಲ. ಗೋಡೆಯಿಂದ ಕಿತ್ತು ತಂದ ಇಡೀ ಫ್ರೇಮು.

"ಇದನ್ನ ಹೀಗೇ ಮಷೀನ್ ಮೇಲೆ ಇಟ್ಟು ತೆಗಿ. ಬಿಚ್ಚಬೇಡ. ಅಮ್ಮ ಹಾಕಿಸಿದ್ದ ಗಾಜು" ಎಂದರು.

ಹೊಗೆ ಹಿಡಿದು ಹಳದಿಯಾದ ಗಾಜಿನ ಹಿಂದೆ ಬೇಕರಿಯ ಲೈಸೆನ್ಸ್ ಇತ್ತು. ಹೆಸರು ನನ್ನ ಅತ್ತೆಯದು. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

"ಇದು ಯಾರಿಗೆ ಅತ್ತಿಗೆ?"

"ಸ್ಕೂಲಿನವರಿಗೆ ಕಣೇ. ದಿನಾ ಬೆಳಿಗ್ಗೆ ಮಕ್ಕಳಿಗೆ ನಮ್ಮ ಬನ್ನೇ ಬೇಕಂತೆ. ಲೈಸೆನ್ಸ್ ಕಾಪಿ ಕೊಡಿ ಅಂದ್ರು. ನಮ್ಮ ಹತ್ರ ಇದೆಯಲ್ಲ, ಧಾರಾಳವಾಗಿ ಕೊಡ್ತೀನಿ ಅಂದೆ."

ಅವರ ಮುಖದ ಸಂಭ್ರಮ ನೋಡಿ ನಾನು ಬಟ್ಟೆಯಿಂದ ಫ್ರೇಮಿನ ಗಾಜು ಒರೆಸತೊಡಗಿದೆ. ಅಷ್ಟರಲ್ಲಿ ನನ್ನ ಗಂಡ ಚಹಾಕ್ಕೆಂದು ರಸ್ತೆ ದಾಟಿ ಬಂದರು, ಫ್ರೇಮು ನೋಡಿದರು, ಚಹಾ ಮರೆತರು.

"ಅಕ್ಕ, ಇದು ಅಮ್ಮನ ಹೆಸರಲ್ಲಿದೆ."

"ಅಮ್ಮನ ಅಂಗಡಿ. ಮತ್ತೆ ಯಾರ ಹೆಸರಲ್ಲಿರುತ್ತೆ?"

"ಅಮ್ಮ ಹೋದ್ಮೇಲೆ ಇದು ನಡೆಯಲ್ಲ. ಲೈಸೆನ್ಸ್ ಅಂದ್ರೆ ಮನೆ ಥರ ಅಲ್ಲ ಅಕ್ಕ, ಬಿಟ್ಟು ಹೋಗೋಕೆ. ಇಂಥವರು, ಇಂಥ ಜಾಗದಲ್ಲಿ, ಇಂಥ ಕೆಲಸ ಮಾಡಬಹುದು ಅಂತ ಅದು. ಮೂರರಲ್ಲಿ ಒಂದು ಬದಲಾದ್ರೂ ಹೊಸದಾಗಿ ತಗೋಬೇಕು. ನೀನು ತಗೊಂಡಿರ್ತೀಯ ಅಂತ ನಾನು ಅಂದ್ಕೊಂಡಿದ್ದೆ."

"ನನ್ನ ತಮ್ಮ ಆಫೀಸಲ್ಲಿದ್ದಾನೆ, ಅಂಥದ್ದೇನಾದ್ರೂ ಇದ್ರೆ ಅವನೇ ಹೇಳ್ತಾನೆ ಅಂತ ನಾನು ಅಂದ್ಕೊಂಡಿದ್ದೆ."

ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಒಬ್ಬರನ್ನೊಬ್ಬರು ನಂಬಿಕೊಂಡು ಇಬ್ಬರೂ ನೆಮ್ಮದಿಯಾಗಿ ಕೂತಿದ್ದರು. ಈ ಮನೆಯಲ್ಲಿ ಪ್ರೀತಿ ನಡೆಯುವುದೇ ಹೀಗೆ. ಇದಕ್ಕೆ ನಾನು ತಲೆ ಚಚ್ಚಿಕೊಂಡದ್ದು ಅದೇ ಮೊದಲ ಸಲವಲ್ಲ.

ನಿಜವಾದ ಜಗಳ ಶುರುವಾದದ್ದು ಆಮೇಲೆ. ಅತ್ತಿಗೆ ಅರ್ಜಿ ಹಾಕಿದರು. ನನ್ನ ಗಂಡ ಅದೇ ದಿನ ಮೇಲಧಿಕಾರಿಯ ಬಳಿ ಹೋಗಿ, ಇದು ನನ್ನ ಸ್ವಂತ ಅಕ್ಕನ ಅಂಗಡಿ, ಇದರ ಪರಿಶೀಲನೆ ನಾನು ಮಾಡುವಂತಿಲ್ಲ, ಬೇರೆಯವರನ್ನು ಕಳಿಸಿ ಎಂದು ಹೇಳಿಬಿಟ್ಟರು. ಸುದ್ದಿ ಕಿವಿಗೆ ಬಿದ್ದದ್ದೇ ಅತ್ತಿಗೆ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬಾ ಎಂದರೂ ಬರಲಿಲ್ಲ.

"ನನ್ನ ಕೈತುತ್ತು ತಿಂದು ಬೆಳೆದೋನು, ನನ್ನ ಅಂಗಡಿ ನೋಡೋಕೆ ಯಾರನ್ನೋ ಕಳಿಸ್ತೀಯ?"

"ನಾನೇ ಬಂದು ನಾನೇ ಸರಿ ಇದೆ ಅಂದ್ರೆ ಆ ಮಾತಿಗೆ ಬೆಲೆ ಏನಿರುತ್ತೆ ಅಕ್ಕ? ನಿನ್ನ ಬನ್ನು ತಿನ್ನೋ ಮಗು ನಿನ್ನ ಒಲೆ ಕೋಣೆಗೆ ಬಂದು ನೋಡಲ್ಲ. ಅದರ ಅಮ್ಮನೂ ಬರಲ್ಲ. ಅವರೆಲ್ಲರ ಪರವಾಗಿ ಒಬ್ಬರು ಬಂದು ನೋಡ್ಬೇಕು. ಆ ಒಬ್ಬರು ನಿನ್ನ ತಮ್ಮ ಆಗಬಾರದು."

"ಹಾಗಾದ್ರೆ ಇಷ್ಟು ದಿನ ನನ್ನ ಬನ್ನು ತಿಂದೋರೆಲ್ಲ ಸತ್ತುಹೋದ್ರಾ?"

ಉತ್ತರಕ್ಕೆ ಕಾಯದೆ ಹೊರಟೇಹೋದರು. ನನ್ನ ಗಂಡ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು. ಹಿಂದಿನ ವರ್ಷ ಪಕ್ಕದ ಬೀದಿಯ ಹಾಸಿಗೆ ಅಂಗಡಿಗೆ ಬೆಂಕಿ ಬಿದ್ದಾಗಲೂ ಇವರು ಹೀಗೇ ಕೂತಿದ್ದರು. ಅದಕ್ಕೆ ಲೈಸೆನ್ಸ್ ಇರಲಿಲ್ಲ, ಹಾಗಾಗಿ ಒಳಗೆ ಯಾರೂ ಕಾಲಿಟ್ಟು ನೋಡಿರಲೂ ಇಲ್ಲ. ಒಂದೇ ಬಾಗಿಲು, ಆ ಬಾಗಿಲಿಗೇ ಬೆಂಕಿ. ಒಳಗೆ ಹೊಲಿಯುತ್ತಿದ್ದ ಮುದುಕನನ್ನು ಬೀದಿಯ ಜನ ಗೋಡೆ ಒಡೆದು ಹೊತ್ತು ತಂದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ವರದಿ ಬರೆಯಲು ಹೋಗಿ ಬಂದ ಇವರು ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಬಾಗಿಲು ನೋಡುತ್ತಾರೆ. ನಂಟರ ಮನೆಯಲ್ಲೂ ಹೀಗೇ ಮಾಡಿ ನನ್ನ ಮಾನ ಕಳೆದಿದ್ದಾರೆ.

ಪರಿಶೀಲನೆಗೆ ಬಂದದ್ದು ದಪ್ಪ ಕನ್ನಡಕದ ಒಬ್ಬ ಇನ್‌ಸ್ಪೆಕ್ಟರಮ್ಮ. ಹೊಸಬಳು, ನನ್ನ ಮಗಳ ವಯಸ್ಸು ಇರಬಹುದು. ಅತ್ತಿಗೆಯ ಜೊತೆಗೆ ಯಾರಾದರೂ ಇರಲಿ ಎಂದು ನಾನು ಅಂಗಡಿ ಮುಚ್ಚಿ ಹೋಗಿದ್ದೆ. ಮುಂದೆ ಗಾಜಿನ ಕಪಾಟಿನ ಸಣ್ಣ ಕೋಣೆ, ಹಿಂದೆ ಒಲೆ ಕೋಣೆ. ಒಲೆ ಕೋಣೆಗೆ ಇರುವುದು ಒಂದೇ ಬಾಗಿಲು, ಅದೂ ಮುಂದಿನ ಕೋಣೆಯಿಂದ. ಆ ಬಾಗಿಲ ಪಕ್ಕದಲ್ಲೇ ಕಟ್ಟಿಗೆ ಒಲೆ. ಕೋಣೆಯ ನಡುವೆ, ಇಟ್ಟಿಗೆಯ ಎರಡು ಗಿಡ್ಡ ಗೋಡೆಗಳ ಮೇಲೆ ಮಲಗಿಸಿದ ದಪ್ಪ ಮರದ ಹಲಗೆ. ಅತ್ತಿಗೆ ಹಿಟ್ಟು ನಾದುವುದು ಅದರ ಮೇಲೆ. ಎಣ್ಣೆ ಕುಡಿದು ಕುಡಿದು ಅದು ಕರಿಬಣ್ಣಕ್ಕೆ ತಿರುಗಿತ್ತು. ಒಂದು ಅಂಚಿನಲ್ಲಿ ಹೆಬ್ಬೆರಳು ಹೋಗುವಷ್ಟು ತೂತು.

ಹುಡುಗಿ ಮೈಯೆಲ್ಲ ಕಣ್ಣಾಗಿ ನೋಡಿದಳು. ಹಿಟ್ಟಿನ ಮೂಟೆಗಳು ನೆಲದಿಂದ ಮೇಲಿವೆಯೇ, ನೀರಿನ ತೊಟ್ಟಿಗೆ ಮುಚ್ಚಳವಿದೆಯೇ, ಮೋರಿಗೆ ಜಾಲರಿ ಇದೆಯೇ ಎಂದು ಬಗ್ಗಿ ಬಗ್ಗಿ ನೋಡಿದಳು. ಅತ್ತಿಗೆಯ ಅಂಗಡಿ ಕನ್ನಡಿಯಂತಿತ್ತು. ಅವಳು ಒಂದೊಂದಕ್ಕೂ ತಲೆಯಾಡಿಸಿದಾಗ ಅತ್ತಿಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಕೊನೆಗೆ ಅವಳು ಹಲಗೆಯ ತೂತಿಗೆ ಬೆರಳು ಹಾಕಿದಳು.

"ಅಮ್ಮಾ, ಹಿಟ್ಟು ನಾದೋಕೆ ಮರ ಆಗಲ್ಲ. ಬಿರುಕಲ್ಲಿ, ಈ ತೂತಲ್ಲಿ ಹಿಟ್ಟು ಸೇರ್ಕೊಂಡು ಹುಳ ಆಗುತ್ತೆ. ಕಲ್ಲಿಂದೋ ಸ್ಟೀಲಿಂದೋ ಹಾಕಿಸ್ಬೇಕು."

"ಹಾಕಿಸೋಣ" ಎಂದರು ಅತ್ತಿಗೆ.

"ಇನ್ನೊಂದು. ಈ ಕೋಣೆಗೆ ಎರಡನೇ ಬಾಗಿಲು ಬೇಕು. ಹೊರಕ್ಕೆ ತೆರೆಯೋ ಅಂಥದ್ದು. ಒಲೆ ಇರೋ ಕೋಣೆಗೆ ಅದಿಲ್ಲದೆ ಲೈಸೆನ್ಸ್ ಕೊಡೋಕೆ ಬರಲ್ಲ. ಆ ಹಿಂದಿನ ಗೋಡೆಯಲ್ಲಿ ಮಾಡಿಸಬಹುದು, ಆ ಕಡೆ ಓಣಿ ಇದೆಯಲ್ಲ."

ಅತ್ತಿಗೆಯ ಮುಖ ಒಮ್ಮೆಗೇ ಬಾಡಿತು. "ಆ ಗೋಡೆ ಮುಟ್ಟೋ ಹಾಗಿಲ್ಲ" ಎಂದರು.

"ಯಾಕಮ್ಮ? ಭಾರ ಹೊತ್ತಿರೋ ಗೋಡೆನಾ?"

"ಮುಟ್ಟೋ ಹಾಗಿಲ್ಲ ಅಂದ್ನಲ್ಲ."

ಹುಡುಗಿ ಜೋರು ಮಾಡಲಿಲ್ಲ. ಇವೆರಡನ್ನು ಸರಿಮಾಡಿ ಹೇಳಿಕಳಿಸಿ, ನಾನೇ ಮತ್ತೆ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಒಲೆ ಹಚ್ಚಬೇಡಿ ಎಂದು ಹೇಳಿ ಹೋದಳು. ಹೋಗುವಾಗ ಒಂದು ಬನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ವಾಸನೆ ತುಂಬಾ ಚೆನ್ನಾಗಿದೆ ಅಮ್ಮ, ಲೈಸೆನ್ಸ್ ಆದಮೇಲೆ ಕೊಂಡುಕೊಂಡು ತಿನ್ನುತ್ತೇನೆ ಎಂದಳು. ಅದು ನನಗೆ ಹಿಡಿಸಿತು. ಅತ್ತಿಗೆಗೆ ಹಿಡಿಸಲಿಲ್ಲ.

ಒಲೆ ಆರಿತು. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಆ ಒಲೆ ತಣ್ಣಗಿದ್ದದ್ದನ್ನು ಕಂಡಿರಲಿಲ್ಲ. ಎರಡು ದಿನ ಬಿಟ್ಟು ಹೋದರೆ ಅತ್ತಿಗೆ ಅದರ ಮುಂದೆ ಗಿಡ್ಡ ಸ್ಟೂಲು ಹಾಕಿಕೊಂಡು ಕೈಕಟ್ಟಿ ಕೂತಿದ್ದರು.

"ಸಾಕು ಕಣೇ. ಬಾಗಿಲು ಹಾಕ್ಬಿಡ್ತೀನಿ. ವಯಸ್ಸೂ ಆಯ್ತು. ಸ್ಕೂಲಿನೋರಿಗೆ ಆಗಲ್ಲ ಅಂತ ಹೇಳ್ಬಿಡು" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಒಂದು ಗೋಡೆಗೋಸ್ಕರ ಜೀವಮಾನದ ಕೆಲಸ ಬಿಡ್ತೀರಾ? ಆ ಗೋಡೆ ಏನು ಚಿನ್ನದ್ದಾ? ಹಠ ಅಂದ್ರೆ ಅಕ್ಕ ತಮ್ಮ ಇಬ್ರೂ ಒಂದೇ. ನಾನೊಬ್ಬಳು ನಿಮ್ಮಿಬ್ಬರ ನಡುವೆ ಸಿಕ್ಕಿ ಸಾಯ್ಬೇಕು."

ಅವರು ಬೈಯಲಿಲ್ಲ. ಎದ್ದು ಹೋಗಿ ಹಲಗೆಯ ಮೇಲೆ ಕೈಯಾಡಿಸಿದರು.

"ಈ ತೂತು ಏನು ಅಂದ್ಕೊಂಡಿದ್ದೀಯ?"

"ಗಂಟು ಬಿದ್ದುಹೋದ ತೂತು ಇರ್ಬೇಕು."

"ಬೀಗದ ತೂತು. ಇದು ಬಾಗಿಲು ಕಣೇ. ಆ ಹಿಂದಿನ ಗೋಡೆಯಲ್ಲಿ ಇದ್ದ ಬಾಗಿಲು."

ಆಮೇಲೆ ಅವರು ಹೇಳಿದರು. ಪುಟ್ಟ ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು. ಅಪ್ಪ ಆಗಲೇ ಇರಲಿಲ್ಲ. ಮೈ ಬೆಚ್ಚಗಿಡಿ, ತಣ್ಣನೆ ಗಾಳಿ ಸೋಕಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಅಂದರಂತೆ. ಮನೆಯಲ್ಲಿ ಬೆಚ್ಚಗಿದ್ದ ಜಾಗವೆಂದರೆ ಒಲೆ ಕೋಣೆ ಒಂದೇ. ಆದರೆ ಹಿಂಬಾಗಿಲ ಸಂದಿಯಿಂದ ಓಣಿಯ ಗಾಳಿ ನುಗ್ಗುತ್ತಿತ್ತು. ಗೋಣಿ ತುರುಕಿದರೂ ನಿಲ್ಲಲಿಲ್ಲ. ಕೊನೆಗೆ ಅಮ್ಮ ಬಾಗಿಲನ್ನೇ ಕಿತ್ತು, ಒಲೆಗೆಂದು ತಂದಿಟ್ಟಿದ್ದ ಇಟ್ಟಿಗೆಯಿಂದ ಗೋಡೆ ಕಟ್ಟಿದಳು. ಮಣ್ಣು ಕಲಸಿ ಕೊಟ್ಟವಳು ಆಗಿನ್ನೂ ಲಂಗ ತೊಡುತ್ತಿದ್ದ ಅಕ್ಕ. ಆ ಗೋಡೆಯ ಮೂಲೆಗೆ ಆನಿಸಿ, ಬನ್ನಿನ ಟ್ರೇಯೊಳಗೆ ಬಟ್ಟೆ ಹಾಸಿ, ಮಗುವನ್ನು ಮಲಗಿಸಿದರು. ಸ್ಕೂಲಿಗೆ ಹೋಗುವವರೆಗೂ ಪುಟ್ಟ ಮಲಗಿದ್ದು ಅದೇ ಮೂಲೆಯಲ್ಲಿ.

"ಒಂದೇ ಬಾಗಿಲು ಅಂತ ಅಮ್ಮನಿಗೇನು ಹೆದರಿಕೆ ಇರಲಿಲ್ಲವಾ? ಒಲೆ ಹಚ್ಚೋ ಮುಂಚೆ ದಿನಾ ನನ್ನ ನಿಲ್ಲಿಸ್ಕೊಂಡು ಕೇಳ್ತಿದ್ಲು, ಬೆಂಕಿ ಬಿದ್ರೆ ಏನ್ ಮಾಡ್ತೀಯ ಅಂತ. ಮೊದಲು ಪುಟ್ಟನ್ನ ಎತ್ಕೊಳ್ತೀನಿ ಅಂತ ನಾನು ಹೇಳ್ಬೇಕು. ಹೇಳಿದ್ಮೇಲೇ ಕಡ್ಡಿ ಗೀರ್ತಿದ್ಲು."

"ಇದನ್ನ ಅವರಿಗೆ ಹೇಳಿ ಗೋಡೆ ಒಡೆಸೋಕೆ ಏನು ಕಷ್ಟ?"

"ಗೋಡೆ ಒಡೆದ್ರೆ ಹಿಂಬಾಗಿಲು ಮುಚ್ಚಿದ್ದು ಯಾಕೆ ಅಂತ ಕೇಳ್ತಾನೆ, ತನ್ನಿಂದಲೇ ಅಕ್ಕನ ಒಲೆ ಆರಿತು ಅಂತ ಕೊರಗ್ತಾನೆ. ಅವನ ಬುದ್ಧಿ ನನಗೆ ಗೊತ್ತಿಲ್ವಾ? ಅಷ್ಟು ಕಷ್ಟಪಟ್ಟು ಉಳಿಸ್ಕೊಂಡಿದ್ದು ಅವನನ್ನ ಕೊರಗ್ಸೋಕಾ? ಒಲೆ ಹೋದ್ರೆ ಹೋಗ್ಲಿ. ನೀನು ಬಾಯಿ ಬಿಡಬೇಡ."

ಆಗಲಿ ಎಂದೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಹೇಳಿದರಲ್ಲ, ತಪ್ಪು ಅವರದ್ದೇ. ಮನೆಗೆ ಹೋಗುವ ತನಕವೂ ಕಾಯಲಿಲ್ಲ. ನೇರ ಪುರಸಭೆಗೆ ಹೋಗಿ, ನನ್ನ ಗಂಡನನ್ನು ಮೆಟ್ಟಿಲ ಮೇಲೆ ಕೂರಿಸಿ, ಒಂದಕ್ಷರ ಬಿಡದೆ ಹೇಳಿದೆ.

ಅವರು, "ಆ ಗೋಡೆ ನನಗೆ ನೆನಪಿದೆ. ಬೆಚ್ಚಗಿರ್ತಿತ್ತು. ಎಲ್ಲರ ಮನೆ ಗೋಡೇನೂ ಹಾಗೇ ಬೆಚ್ಚಗಿರುತ್ತೆ ಅಂದ್ಕೊಂಡಿದ್ದೆ" ಎಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಮೆಟ್ಟಿಲ ಮೇಲೆ ಓಡಾಡುವವರು ನೋಡುತ್ತಿದ್ದರು, ನೋಡಲಿ ಎಂದು ನಾನೂ ಪಕ್ಕದಲ್ಲೇ ಕೂತೆ.

ಮರುದಿನ ರಜೆ ಹಾಕಿ, ಒಬ್ಬ ಗಾರೆಯವನನ್ನೂ ಒಬ್ಬ ಬಡಗಿಯನ್ನೂ ಕರೆದುಕೊಂಡು ಹೋದರು. ಅತ್ತಿಗೆ ಬೇಕರಿಯ ಬಾಗಿಲಿಗೆ ಅಡ್ಡ ನಿಂತು ಮೊದಲು ಅವರನ್ನು, ಆಮೇಲೆ ಅವರ ಹಿಂದಿದ್ದ ನನ್ನನ್ನು ನೋಡಿದರು.

"ಹೇಳ್ಬಿಟ್ಯಾ?"

"ಹೇಳ್ದೆ."

"ನಿನ್ನ ನಾಲಿಗೆಗೊಂದು ಲೈಸೆನ್ಸ್ ಬೇಕು ಕಣೇ, ಮೊದಲು ಅದನ್ನ ಮಾಡಿಸು" ಎಂದು ನನಗೆ ಅಂದು ತಮ್ಮನ ಕಡೆ ತಿರುಗಿದರು. "ನೀನ್ಯಾಕೆ ಬಂದೆ? ಆಫೀಸಿನೋನು ಬರೋ ಹಾಗಿಲ್ಲ ಅಂತ ನೀನೇ ತಾನೇ ಹೇಳಿದ್ದು?"

"ಪರಿಶೀಲನೆಗೆ ಬರೋ ಹಾಗಿಲ್ಲ. ಇಟ್ಟಿಗೆ ಹೊರೋಕೆ ಬರಬಹುದು" ಎಂದು ಇವರು ಅಂಗಿಯ ತೋಳು ಮಡಿಸಿದರು. "ಅಕ್ಕ, ನನ್ನ ಕಣ್ಣಿಗೆ ಆ ಹಾಸಿಗೆ ಅಂಗಡಿ ಕಟ್ಟಿಬಿಟ್ಟಿದೆ. ನೀನು ಒಲೆ ಆ ಕಡೆ ನಿಂತಿರ್ತೀಯ, ಕಟ್ಟಿಗೆ ಈ ಕಡೆ ಬಾಗಿಲ ಹತ್ರ ಇರುತ್ತೆ. ಲೈಸೆನ್ಸ್ ಬೇಕು ಅಂದಿದ್ದು ಕಾಗದಕ್ಕೋಸ್ಕರ ಅಲ್ಲ. ನನ್ನ ಉಳಿಸೋಕೆ ಬಾಗಿಲು ಮುಚ್ಚಿದ್ರಿ. ಈಗ ನಿನ್ನ ಉಳಿಸೋಕೆ ತೆಗೀತೀನಿ. ಇದರಲ್ಲಿ ಕೊರಗೋದು ಏನಿದೆ?"

ಅತ್ತಿಗೆ ಪಕ್ಕಕ್ಕೆ ಸರಿದರು.

ಗಾರೆಯವನು ಸುತ್ತಿಗೆ ಎತ್ತುವ ಮುಂಚೆ ನನ್ನ ಗಂಡ ಹೋಗಿ ಆ ಗೋಡೆಗೆ ಅಂಗೈ ಇಟ್ಟರು. ಒಲೆ ಆರಿದ್ದರಿಂದ ಅದು ತಣ್ಣಗಿತ್ತು. ಆಮೇಲೆ ಅವರೇ ಮೊದಲ ಇಟ್ಟಿಗೆ ಬಿಡಿಸಿದರು. ಮಣ್ಣಿನ ಗಾರೆಯಾದ್ದರಿಂದ ಸುಲಭವಾಗಿ ಕಳಚಿ ಬಂತು. ಅಮ್ಮ ಕಟ್ಟಿದ ಗೋಡೆ ಅಷ್ಟು ಸಡಿಲವಾಗಿತ್ತೆಂದು ಅತ್ತಿಗೆಗೆ ಸ್ವಲ್ಪ ಅವಮಾನವಾಯಿತು. ನಾನು ಕಲಸಿದ ಮಣ್ಣು ಸರಿ ಇರಲಿಲ್ಲವೇನೋ ಎಂದು ಗಾರೆಯವನಿಗೆ ಸಮಜಾಯಿಷಿ ಕೊಟ್ಟರು.

ಹಲಗೆಯನ್ನು ಗಿಡ್ಡ ಗೋಡೆಗಳಿಂದ ಇಳಿಸಲು ನಾಲ್ಕು ಜನ ಬೇಕಾಯಿತು. ಅಡಿಭಾಗದಲ್ಲಿ ಹಳೇ ಹಸಿರು ಬಣ್ಣ ಹಾಗೇ ಇತ್ತು. ಹೊಸ ಬಾಗಿಲು ಮಾಡಿಕೊಡುತ್ತೇನೆ ಎಂದ ಬಡಗಿಗೆ ಅಕ್ಕ ತಮ್ಮ ಇಬ್ಬರೂ ಒಟ್ಟಿಗೇ ಬೇಡ ಎಂದರು. ಅವನು ಅದನ್ನೇ ಕೆತ್ತಿ, ಒಳಮೈಗೆ ತಗಡು ಹೊಡೆದು, ಬೀಗದ ತೂತು ಮುಚ್ಚಿ, ಒಳಗಿನಿಂದ ತಳ್ಳಿದರೆ ಸಾಕು ತೆರೆಯುವಂತೆ ಹಿಡಿ ಹಾಕಿದ. ಮೊದಲು ಅದು ಒಳಕ್ಕೆ ತೆರೆಯುತ್ತಿತ್ತಂತೆ. ಈಗ ಹೊರಕ್ಕೆ. ಹಲಗೆ ಇದ್ದ ಜಾಗಕ್ಕೆ ನುಣುಪು ಕಲ್ಲು ಬಂತು. ಕಲ್ಲಿನ ಮೇಲೆ ಹಿಟ್ಟು ಹೊಂದಿಕೊಳ್ಳುವುದಿಲ್ಲ ಎಂದು ಅತ್ತಿಗೆ ಮೂಗು ಮುರಿದರು, ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಎರಡನೇ ಪರಿಶೀಲನೆಯ ದಿನ ನನ್ನ ಗಂಡ ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ಇನ್‌ಸ್ಪೆಕ್ಟರಮ್ಮ ಬಂದು ಕಲ್ಲು ಮುಟ್ಟಿ ನೋಡಿದಳು, ಬಾಗಿಲಿನ ಅಗಲ ಅಳೆದಳು, ಹಿಡಿಯನ್ನು ಅಲ್ಲಾಡಿಸಿದಳು. ಆಮೇಲೆ ಅತ್ತಿಗೆಗೆ, "ಅಮ್ಮಾ, ಬಾಗಿಲು ಇದ್ರೆ ಸಾಲದು, ಅಭ್ಯಾಸ ಇರ್ಬೇಕು. ನೀವು ದಿನಾ ನಿಲ್ಲೋ ಜಾಗದಲ್ಲಿ ನಿಂತ್ಕೊಳ್ಳಿ" ಎಂದಳು.

ಅತ್ತಿಗೆ ಒಲೆಯ ಪಕ್ಕ ನಿಂತರು. ಮುಖದಲ್ಲಿ ಪರೀಕ್ಷೆಗೆ ಕೂತ ಮಕ್ಕಳ ಗಾಬರಿ ಇತ್ತು.

"ಆ ಕಟ್ಟಿಗೆಗೆ ಬೆಂಕಿ ಬಿದ್ರೆ ಏನ್ ಮಾಡ್ತೀರಾ?"

"ಮೊದಲು ಪುಟ್ಟನ್ನ ಎತ್ಕೊಳ್ತೀನಿ."

ಬಾಯಿಂದ ಬರುವುದಕ್ಕೆ ಮುಂಚೆಯೇ ಅವರು ಆ ಮೂಲೆಯ ಕಡೆ ತಿರುಗಿಯಾಗಿತ್ತು. ಎರಡೂ ಕೈ ಚಾಚಿಯಾಗಿತ್ತು. ಅಲ್ಲಿ ಹಿಟ್ಟಿನ ಮೂಟೆಗಳಿದ್ದವು.

"ಪುಟ್ಟ ಅಂದ್ರೆ? ಇಲ್ಲಿ ಮಗು ಇದೆಯಾ? ಒಲೆ ಕೋಣೆಯಲ್ಲಿ ಮಕ್ಕಳನ್ನ ಮಲಗಿಸೋ ಹಾಗಿಲ್ಲ ಅಮ್ಮ" ಎಂದಳು ಹುಡುಗಿ ಗಾಬರಿಯಾಗಿ.

ಅತ್ತಿಗೆ ಚಾಚಿದ ಕೈಗಳನ್ನು ನಿಧಾನವಾಗಿ ಇಳಿಸಿ ಅವುಗಳನ್ನೇ ನೋಡಿದರು. "ಇಲ್ಲಮ್ಮ" ಎಂದರು. "ಅವನು ಇಲ್ಲಿಲ್ಲ. ದೊಡ್ಡವನಾದ. ಹೊರಗಿದ್ದಾನೆ."

ಹುಡುಗಿ ಸ್ವಲ್ಪ ಹೊತ್ತು ಅವರ ಮುಖ ನೋಡಿದಳು. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ದನಿ ಮಾತ್ರ ಮೆತ್ತಗಾಯಿತು.

"ಹಾಗಾದ್ರೆ ಎತ್ಕೊಳ್ಳೋಕೆ ಯಾರೂ ಇಲ್ಲ. ನೀವು ಒಬ್ಬರು ಹೊರಗೆ ಹೋದ್ರೆ ಸಾಕು. ಹೋಗಿ ಅಮ್ಮ."

ಅತ್ತಿಗೆ ಬಾಗಿಲ ಬಳಿ ಹೋಗಿ ಹಿಡಿ ಒತ್ತಿ ತಳ್ಳಿದರು. ಬಾಗಿಲು ಹೊರಕ್ಕೆ ತೆರೆಯಿತು. ಬರುವುದಿಲ್ಲ ಎಂದಿದ್ದ ನನ್ನ ಗಂಡ ಆ ಓಣಿಯಲ್ಲಿ, ಎದುರಿನ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಒಳಗೆ ಕಾಲಿಡಬಾರದೆಂದು ಹೊಸ್ತಿಲಿಂದ ದೂರವೇ ಇದ್ದರು. ಅತ್ತಿಗೆ ನೇರ ಹೋಗಿ ಅವರ ಮಣಿಕಟ್ಟು ಹಿಡಿದುಕೊಂಡರು.

"ಎತ್ಕೊಳ್ಳೋಕೆ ಆಗಲ್ಲ ಕಣೋ ಈಗ" ಎಂದರು.

"ಬೇಡ ಅಕ್ಕ" ಎಂದರು ಇವರು. "ನೀನು ಹೊರಗೆ ಬಂದ್ಯಲ್ಲ, ಅಷ್ಟು ಸಾಕು."

ಒಳಗೆ ಇನ್‌ಸ್ಪೆಕ್ಟರಮ್ಮ ಕಲ್ಲಿನ ಮೇಲೆ ಕಾಗದ ಇಟ್ಟುಕೊಂಡು ಬರೆಯತೊಡಗಿದಳು. ಬರೆದು ಮುಗಿಸಿ, ಇವತ್ತು ಒಲೆ ಹಚ್ಚಬಹುದು ಎಂದಳು. ಅವರಿಬ್ಬರೂ ಇನ್ನೂ ಓಣಿಯಲ್ಲೇ ನಿಂತಿದ್ದರು, ಹಾಗಾಗಿ ಕಡ್ಡಿಪೆಟ್ಟಿಗೆ ಹುಡುಕಲು ನಾನೇ ಒಳಗೆ ಹೋದೆ.